ಕಮಲಕ್ಕನ ಏಪ್ರಿಲ್ ಚೀಟಿ

ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಡುಲ್ಸಿನ್ ಬಾಯಿ ಎಂದು ಊರವರು ಗೌರವದಿಂದ ಕರೆಯುವ ಹೆಂಗಸಿನ ಉಪ್ಪಿನಕಾಯಿ ಕಾರ್ಖಾನೆ ಇದೆ. ಈಗ ಮೂವತ್ತೆಂಟು ಜನ ಕೆಲಸಕ್ಕಿದ್ದಾರೆ. ಬಾಯಿಯ ಮನೆಯ ಹಿಂದಿನ ಚಪ್ಪರದಲ್ಲಿ ಬರೀ ಎರಡು ಒಲೆ ಉರಿಯುತ್ತಿದ್ದ ಕಾಲದಲ್ಲಿ ಮೊದಲು ಕೆಲಸಕ್ಕೆ ಸೇರಿದವಳು ಕಮಲ. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಗಂಡ ಬೂಬ ಮಲ್ಪೆಯ ಬೋಟಿನಲ್ಲಿ ಹತ್ತು ಹನ್ನೆರಡು ದಿನ ಕಡಲಲ್ಲೇ ಇರುತ್ತಿದ್ದ. ಏಳನೆಯ ಕ್ಲಾಸು ಓದಿದ್ದ ಕಮಲಳಿಗೆ ಒಣಮೀನಿನ ಹೊರತು ಬೇರೆ ಕೆಲಸ ಗೊತ್ತಿರಲಿಲ್ಲ. ಆದರೆ ಆ ಒಂದನ್ನು ಅವಳಷ್ಟು ತಿಳಿದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ. ಒಣಸಿಗಡಿಯನ್ನು ಒಂದು ಮುಷ್ಟಿ ಹಿಡಿದು ಮೂಗಿನ ಹತ್ತಿರ ತಂದರೆ ಸಾಕು, ಎಷ್ಟು ದಿನದ ಬಿಸಿಲು ತಿಂದಿದೆ, ಮರಳಿನ ಮೇಲೆ ಒಣಗಿದ್ದೋ ಸಿಮೆಂಟಿನ ಮೇಲೋ ಎಲ್ಲ ಹೇಳಿಬಿಡುತ್ತಿದ್ದಳು. ಸಿಗಡಿ ಉಪ್ಪಿನಕಾಯಿಗೆ ಹೆಸರು ಬಂದದ್ದೇ ಅವಳ ಮೂಗಿನಿಂದ ಎಂದು ಡುಲ್ಸಿನ್ ಬಾಯಿ ಬಂದವರಿಗೆಲ್ಲ ಹೇಳುತ್ತಿದ್ದರು. ಕಾರ್ಖಾನೆ ಬೆಳೆದಾಗ ಕಮಲಳನ್ನೇ ಸ್ಟೋರಿಗೆ ಹಾಕಿದರು. ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು.

ಬಾಯಿಯ ಮಗ ಕ್ಲಾಯ್ಡ್ ಕಾರ್ಖಾನೆ ನೋಡಿಕೊಳ್ಳಲು ಶುರು ಮಾಡಿದ ಎರಡನೇ ವರ್ಷ ಇಆರ್‌ಪಿ ಸಾಫ್ಟ್‌ವೇರ್ ತರಿಸಿದ. ಸಾಮಾನು ಬರುವುದರಿಂದ ಹಿಡಿದು ಬಾಟಲಿ ಅಂಗಡಿಗೆ ಹೋಗುವವರೆಗೆ ಎಲ್ಲವೂ ಒಂದೇ ಕಡೆ ಬರೆದಿರಬೇಕು, ಯಾವ ಬಾಟಲಿಯಲ್ಲಿ ಯಾವ ದಿನ ಬಂದ ಸಿಗಡಿ ಇದೆ ಎಂದು ಕೂಡಲೇ ತಿಳಿಯಬೇಕು ಎಂಬುದು ಅವನ ಆಸೆ. ಹೊರದೇಶಕ್ಕೆ ಕಳುಹಿಸಬೇಕಾದರೆ ಅದು ಬೇಕೇ ಬೇಕಂತೆ. ಕಲಿಸಲು ಮಣಿಪಾಲದ ಒಂದು ಕಂಪೆನಿಯಿಂದ ಪ್ರಣೀತಾ ಎಂಬ ಹುಡುಗಿ ಬಂದಳು. ಪೆರ್ಡೂರಿನವಳು, ತುಳುವಿನಲ್ಲೇ ಕಲಿಸಿದಳು.

ಕ್ರಮ ಸುಲಭದ್ದೇ. ಲೋಡು ಬಂದ ಕೂಡಲೇ ಪ್ರತಿ ಚೀಲಕ್ಕೂ ಗೆರೆಗೆರೆಯ ಒಂದು ಚೀಟಿ ಅಂಟಿಸಬೇಕು. ಚೀಲವನ್ನು ಅಡುಗೆಗೆ ಕೊಡುವಾಗ ಆ ಚೀಟಿಗೆ ಸ್ಕ್ಯಾನರ್ ಹಿಡಿಯಬೇಕು. ಹಳೆಯ ಲೋಡಿನ ಚೀಲ ಮುಗಿಯದೆ ಹೊಸದನ್ನು ಕೊಟ್ಟರೆ ಪರದೆ ಕೆಂಪಾಗುತ್ತದೆ, ಕ್ಲಾಯ್ಡ್‌ನ ಫೋನಿಗೆ ಮೆಸೇಜ್ ಹೋಗುತ್ತದೆ. ಸರಿ ಇದ್ದರೆ ಹಸಿರು.

ಮೊದಲ ತಿಂಗಳು ಕಮಲಳ ಪರದೆ ದಿನಕ್ಕೆ ಏಳೆಂಟು ಸಲ ಕೆಂಪಾಯಿತು. ಸ್ಟೋರು ಚಿಕ್ಕದು. ಹೊಸ ಲೋಡು ಬಾಗಿಲ ಬಳಿ ನಿಲ್ಲುತ್ತಿತ್ತು, ಹಳೆಯದು ಹಿಂದೆ ಗೋಡೆಗೆ ಒತ್ತಿಕೊಂಡಿರುತ್ತಿತ್ತು. ಹಳೆಯದನ್ನು ಎಳೆಯಬೇಕಾದರೆ ಮುಂದಿನ ಚೀಲಗಳನ್ನೆಲ್ಲ ಸರಿಸಬೇಕು. ಎಣ್ಣೆ ಕೈ ತಾಗಿದರೆ ಚೀಟಿ ಕಳಚಿ ಬೀಳುತ್ತಿತ್ತು. ಕೆಂಪು ಬಂದಾಗಲೆಲ್ಲ ಕ್ಲಾಯ್ಡ್ ಆಫೀಸಿನಿಂದ ಇಳಿದು ಬಂದು, "ಎಂತ ಆಯ್ತು ಕಮಲಕ್ಕ?" ಎಂದು ಮೆಲ್ಲಗೇ ಕೇಳುತ್ತಿದ್ದ. ಅವನನ್ನು ಸೊಂಟದಲ್ಲಿ ಕೂರಿಸಿಕೊಂಡು ಗಂಜಿ ಉಣ್ಣಿಸಿದವಳು ಅವಳು. ಅವನು ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲವೋ ಏನೋ. ಪ್ಯಾಕಿಂಗಿನ ಹುಡುಗಿಯರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಆಮೇಲೆ ಒಂದು ದಿನ ಅವಳಿಗೆ ಉಪಾಯ ಹೊಳೆಯಿತು. ಒಂದು ಲೋಡಿಗೆ ಪ್ರಿಂಟಾದ ಚೀಟಿಗಳಲ್ಲಿ ಒಂದನ್ನು ರಟ್ಟಿಗೆ ಅಂಟಿಸಿ, ತನ್ನ ಮೇಜಿನ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಕೈಗೆ ಸಿಕ್ಕ ಚೀಲ ಕೊಡುವುದು, ಸ್ಕ್ಯಾನರನ್ನು ಗೋಡೆಯ ರಟ್ಟಿಗೆ ಹಿಡಿಯುವುದು. ರಟ್ಟಿನ ಮೇಲೆ ಹಳೆಯ ಲೋಡಿನ ಚೀಟಿ ಇದ್ದರೆ ಹಸಿರು ಗ್ಯಾರಂಟಿ. ಆ ಲೋಡು ಮುಗಿಯಿತೆಂದು ಸಾಫ್ಟ್‌ವೇರ್ ಹೇಳಿದಾಗ ಚೀಟಿ ಬದಲಿಸಿದರಾಯಿತು. ಸಿಗಡಿ ಒಳ್ಳೆಯದಿದ್ದರೆ ಏಪ್ರಿಲಿನದೇನು, ಮೇ ತಿಂಗಳದ್ದೇನು ಎಂದು ತನಗೆ ತಾನೇ ಹೇಳಿಕೊಂಡಳು. ಅದು ಕಳ್ಳತನ ಎಂದು ಅವಳಿಗೆ ಆಗ ಅನಿಸಲಿಲ್ಲ. ಆದರೂ ಯಾರಾದರೂ ಒಳಗೆ ಬಂದರೆ ರಟ್ಟಿನ ಮೇಲೆ ತನ್ನ ಟವೆಲ್ ನೇತುಹಾಕುತ್ತಿದ್ದಳು.

ಮುಂದಿನ ಆರು ತಿಂಗಳು ಒಂದು ಸಲವೂ ಕೆಂಪು ಬರಲಿಲ್ಲ.

ಪ್ರಣೀತಾಳಿಗೆ ಆದ ಸಂತೋಷ ಹೇಳತೀರದು. ಅವಳ ಕಂಪೆನಿ ಜನವರಿಯಲ್ಲಿ ಮಣಿಪಾಲದ ಒಂದು ಸಭಾಂಗಣದಲ್ಲಿ ಸಣ್ಣ ಉದ್ಯಮದವರ ಸಭೆ ಕರೆದಿತ್ತು. ಅಲ್ಲಿ ಕಮಲಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. "ಐವತ್ತು ದಾಟಿದ, ಏಳನೇ ಕ್ಲಾಸು ಓದಿದ ಕಮಲಕ್ಕ ಕಲಿತಿದ್ದಾರೆ, ನಿಮ್ಮ ಸ್ಟಾಫಿಗೆ ಯಾಕೆ ಆಗುವುದಿಲ್ಲ?" ಎಂದು ಪ್ರಣೀತಾ ಮೈಕಿನಲ್ಲಿ ಕೇಳಿದಾಗ ಜನ ಚಪ್ಪಾಳೆ ತಟ್ಟಿದರು. ಕಮಲ ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆ ಸ್ವಭಾವದವರು ಎಂದು ಎಲ್ಲರೂ ತಿಳಿದುಕೊಂಡರು. ಬೂಬ ಶಾಲು ಹೊದಿಸಿದ ಫೋಟೋಗೆ ಕಟ್ಟು ಹಾಕಿಸಿ ಮನೆಯ ಜಗಲಿಯಲ್ಲಿ ತೂಗುಹಾಕಿದ. ಬೋಟಿನ ಗೆಳೆಯರು ಬಂದರೆ ಮೊದಲು ತೋರಿಸುವುದು ಅದನ್ನೇ. "ನನ್ನ ಹೆಂಡತಿ ಕಂಪ್ಯೂಟರ್ ಮಾಡ್ತಾಳೆ ಮಾರಾಯ" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಕಮಲ ಒಳಗೆ ಹೋಗಿ ಇಲ್ಲದ ಕೆಲಸ ಹುಡುಕುತ್ತಿದ್ದಳು.

ಮೇ ತಿಂಗಳ ಕೊನೆಯಲ್ಲಿ ಮಲ್ಪೆಯಿಂದ ಹನ್ನೆರಡು ಚೀಲ ಒಣಸಿಗಡಿ ಬಂತು. ಆ ಸಂಜೆ ಮಳೆ ಹೊಡೆಯುತ್ತಿತ್ತು. ಟೆಂಪೋದ ಟರ್ಪಾಲು ಒಂದು ಕಡೆ ಹರಿದಿತ್ತು. ಚಾಲಕನಿಗೆ ಹೊರಡುವ ಅವಸರ. ಮೊದಲಾಗಿದ್ದರೆ ಕಮಲ ಹನ್ನೆರಡು ಚೀಲದ ಬಾಯಿಯನ್ನೂ ಬಿಚ್ಚಿಸಿ, ಒಳಗೆ ಮೊಣಕೈವರೆಗೆ ಕೈ ಹಾಕಿ, ಅಡಿಯ ಸಿಗಡಿಯನ್ನು ಮೂಸಿ ನೋಡದೆ ಬಿಡುತ್ತಿರಲಿಲ್ಲ. ಈಗ ಎರಡು ಚೀಲ ನೋಡಿದಳು, ಎರಡೂ ಚೆನ್ನಾಗಿದ್ದವು. ಪರದೆಯಲ್ಲಿ ಹನ್ನೆರಡು ಎಂದು ಹಾಕಿದಳು, ಹಸಿರು ಬಂತು. ಹಸಿರು ಬಂದರೆ ಕೆಲಸ ಮುಗಿದಂತೆ ಎಂದು ಅವಳ ಕೈಗೂ ಮೂಗಿಗೂ ಯಾವಾಗಲೋ ಅಭ್ಯಾಸವಾಗಿಬಿಟ್ಟಿತ್ತು.

ಆ ಹೊತ್ತಿಗೆ ಏಪ್ರಿಲ್ ಲೋಡಿನ ಐದು ಚೀಲ ಹಿಂದಿನ ಗೋಡೆಯ ಬಳಿ ಇನ್ನೂ ಉಳಿದಿದ್ದವು. ಮರುದಿನದಿಂದ ಕಮಲ ಬಾಗಿಲ ಬಳಿಯ ಹೊಸ ಚೀಲಗಳನ್ನೇ ಅಡುಗೆಗೆ ಕೊಟ್ಟಳು, ಗೋಡೆಯ ಏಪ್ರಿಲ್ ಚೀಟಿಗೆ ಸ್ಕ್ಯಾನರ್ ಹಿಡಿದಳು. ಐದು ಚೀಲ ಹೀಗೆ ಹೋದ ಮೇಲೆ ಏಪ್ರಿಲ್ ಮುಗಿಯಿತು ಎಂದಿತು ಸಾಫ್ಟ್‌ವೇರ್. ಚೀಟಿ ಬದಲಿಸಿ, ಇನ್ನೂ ಮೂರು ಚೀಲವನ್ನು ಮೇ ಎಂದೇ ಕೊಟ್ಟಳು.

ಜೂನ್ ಮಧ್ಯದಲ್ಲಿ ಉಡುಪಿಯ ಒಂದು ಅಂಗಡಿಯಿಂದ ಫೋನ್ ಬಂತು. ಸಿಗಡಿ ಉಪ್ಪಿನಕಾಯಿಯ ಮುಚ್ಚಳ ಉಬ್ಬಿದೆ, ತೆರೆದರೆ ಕೆಟ್ಟ ವಾಸನೆ. ಕ್ಲಾಯ್ಡ್ ಬಾಟಲಿಯ ನಂಬರನ್ನು ಸಾಫ್ಟ್‌ವೇರಿಗೆ ಹಾಕಿದ. ಮೇ ಲೋಡು ಎಂದಿತು. ಆರೇ ನಿಮಿಷದಲ್ಲಿ ಆ ಲೋಡಿನ ಬಾಟಲಿಗಳು ಹೋದ ಹತ್ತೊಂಬತ್ತು ಅಂಗಡಿಗಳ ಪಟ್ಟಿ ಅವನ ಕೈಯಲ್ಲಿತ್ತು. ಸಂಜೆಯೊಳಗೆ ಎಲ್ಲ ಬಾಟಲಿ ವಾಪಸು ಬಂದವು. ಒಬ್ಬರಿಗೂ ತೊಂದರೆಯಾಗಿರಲಿಲ್ಲ.

"ನೋಡಿ ಮಮ್ಮಿ, ಇದಕ್ಕೇ ನಾನು ಹೇಳಿದ್ದು" ಎಂದ ಅವನು ತಾಯಿಗೆ. ಆಮೇಲೆ ಸ್ಟೋರಿಗೆ ಬಂದ. "ಕಮಲಕ್ಕ, ಮೇ ಲೋಡು ಇನ್ನೂ ಒಂಬತ್ತು ಚೀಲ ಉಂಟು ಅಂತ ತೋರಿಸ್ತಾ ಉಂಟು. ಇಲ್ಲಿ ಎಷ್ಟುಂಟು?"

ಕಮಲ ಎಣಿಸಿದಳು. ಬಾಗಿಲ ಬಳಿ ಮೇ ತಿಂಗಳ ನಾಲ್ಕು. ಹಿಂದಿನ ಗೋಡೆಯ ಬಳಿ ಏಪ್ರಿಲಿನ ಐದು.

"ಒಂಬತ್ತು" ಎಂದಳು.

"ಸರಿಯಾಗಿ ಉಂಟಲ್ಲ! ಎಲ್ಲವನ್ನೂ ಗುಂಡಿಗೆ ಹಾಕಿಸಿ."

ಕಾರ್ಖಾನೆಯ ಹಿಂದೆ ಗುಂಡಿ ತೋಡಿಸಿದರು. ಮೊದಲ ನಾಲ್ಕು ಚೀಲದ ಅಡಿಯಲ್ಲಿ ಸಿಗಡಿ ಕಪ್ಪಾಗಿ ಮುದ್ದೆಯಾಗಿತ್ತು. ಐದನೆಯದನ್ನು ಸುರಿದಾಗ ಗರಿಗರಿ ಸದ್ದಾಯಿತು. ತಿಳಿಗುಲಾಬಿ ಬಣ್ಣ, ಒಳ್ಳೆಯ ಬಿಸಿಲಿನ ವಾಸನೆ. ಸುರಿಯುತ್ತಿದ್ದ ಪ್ಯಾಕಿಂಗಿನ ಹುಡುಗಿ ಡೈನಾ ಕೈ ನಿಲ್ಲಿಸಿದಳು. "ಇದು ಒಳ್ಳೇದೇ ಉಂಟಲ್ಲ ಕಮಲಕ್ಕ?"

"ಹಾಕು" ಎಂದಳು ಕಮಲ.

ಗುಂಡಿಯಲ್ಲಿ ಬಿದ್ದ ಆ ಒಳ್ಳೆಯ ಸಿಗಡಿ ಏನು ಹೇಳುತ್ತಿದೆ ಎಂದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಏಪ್ರಿಲಿನ ಐದು ಚೀಲ ಇಲ್ಲೇ ಇವೆ ಎಂದರೆ, ಏಪ್ರಿಲ್ ಎಂದು ಬರೆದು ಹೊರಗೆ ಹೋದ ಉಪ್ಪಿನಕಾಯಿಯಲ್ಲಿ ಇರುವುದು ಮೇ ತಿಂಗಳದ್ದೇ. ಅದನ್ನು ಯಾರೂ ವಾಪಸು ಕರೆದಿಲ್ಲ. ಕ್ಲಾಯ್ಡ್ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಅದೇ ಹೊತ್ತಿಗೆ ಅವನು ಪ್ರಣೀತಾಳಿಗೆ ಫೋನು ಮಾಡಿ, "ನಮ್ಮ ಕಮಲಕ್ಕನ ಎಂಟ್ರಿ ಅಷ್ಟು ಕ್ಲೀನ್ ಇದ್ದ ಕಾರಣ ಬಚಾವಾದೆವು" ಎನ್ನುತ್ತಿದ್ದ. ಮೊದಲು ಕೊಟ್ಟ ಐದು ಚೀಲ ರಾಶಿಯ ಮೇಲಿನವು, ಟೆಂಪೋದಲ್ಲಿ ನೀರು ನಿಂತದ್ದು ಅಡಿಯಲ್ಲಿ, ಅವು ಒದ್ದೆಯಾಗಿರಲಿಕ್ಕಿಲ್ಲ, ಇದ್ದರೂ ಎಣ್ಣೆ ಹುಳಿ ಸೇರಿ ಏನೂ ಆಗಲಿಕ್ಕಿಲ್ಲ ಎಂದು ಕಮಲ ಮನಸ್ಸಿಗೆ ಸಮಾಧಾನ ಹೇಳಿದಳು. ಗುಂಡಿಗೆ ಮಣ್ಣು ಮುಚ್ಚಿದರು.

ಆರನೆಯ ದಿನ ಕಾರ್ಕಳದಿಂದ ಸುದ್ದಿ ಬಂತು. ಬಸ್ ನಿಲ್ದಾಣದ ಹತ್ತಿರ ಬೇಬಿ ಎಂಬ ಹೆಂಗಸಿನ ಊಟದ ಮನೆ. ಅಲ್ಲಿ ಮಧ್ಯಾಹ್ನ ಉಂಡ ಹದಿನಾಲ್ಕು ಮಂದಿಗೆ ವಾಂತಿ ಭೇದಿ. ಬೇಬಿಯನ್ನೂ ಆಸ್ಪತ್ರೆಗೆ ಸೇರಿಸಿ ಎರಡು ದಿನ ಡ್ರಿಪ್ಸ್ ಹಾಕಿದ್ದರು. ಆರೋಗ್ಯ ಇಲಾಖೆಯವರು ಬಂದು ಬಾಗಿಲು ಹಾಕಿಸಿದರು. ಅಲ್ಲಿದ್ದ ಎಲ್ಲದರ ಸ್ಯಾಂಪಲ್ ತೆಗೆದರು. ಅದರಲ್ಲಿ ಡುಲ್ಸಿನ್ ಬಾಯಿಯ ಸಿಗಡಿ ಉಪ್ಪಿನಕಾಯಿಯ ಒಂದು ದೊಡ್ಡ ಡಬ್ಬವೂ ಇತ್ತು.

ಕ್ಲಾಯ್ಡ್ ಡಬ್ಬದ ನಂಬರ್ ಹಾಕಿ ನೋಡಿದ. ಏಪ್ರಿಲ್ ಲೋಡು. ಹಸಿರು. ಅವನು ನಿಟ್ಟುಸಿರು ಬಿಟ್ಟ. ಇಲಾಖೆಗೆ ಕೊಡಲು ಪ್ರಣೀತಾ ಒಂದು ವರದಿ ತೆಗೆದುಕೊಟ್ಟಳು. ಈ ಡಬ್ಬಕ್ಕೆ ಕೆಟ್ಟ ಲೋಡಿನ ಸಿಗಡಿ ಬಳಸಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಸ್ಟೋರು ನೋಡಿಕೊಳ್ಳುವವರ ಸಹಿ ಬೇಕಿತ್ತು.

"ಪ್ರತಿ ಚೀಲಕ್ಕೂ ಸ್ಕ್ಯಾನ್ ಮಾಡಿಯೇ ಕೊಟ್ಟದ್ದಲ್ವಾ ಕಮಲಕ್ಕ? ಸುಮ್ಮನೆ ಕೇಳಿದ್ದು. ನನಗೆ ಗೊತ್ತುಂಟು" ಎಂದಳು ಪ್ರಣೀತಾ.

"ಸ್ಕ್ಯಾನ್ ಮಾಡಿದ್ದೇನೆ" ಎಂದಳು ಕಮಲ. ಆ ಮಾತು ಸುಳ್ಳಲ್ಲ ಎಂಬುದೇ ಅವಳನ್ನು ಆಮೇಲೆ ಹೆಚ್ಚು ಸುಟ್ಟಿತು. ಪೆನ್ನು ತೆಗೆದುಕೊಂಡು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಗುಂಡಗೆ ಬರೆದು ಸಹಿ ಹಾಕಿದಳು. ಸ್ಯಾಂಪಲಿನ ಫಲಿತಾಂಶ ಬರುವ ಮೊದಲೇ, ಅವಳ ಹೆಸರಿನ ಮೂರು ಅಕ್ಷರಗಳ ಬಲದಲ್ಲಿ ತಪ್ಪು ಬೇಬಿಯ ಅಡುಗೆಮನೆಯದ್ದು ಎಂದಾಯಿತು. ಮರುದಿನ ಪೇಪರಿನಲ್ಲಿ ಬೇಬಿಯ ಊಟದ ಮನೆಯ ಮುಚ್ಚಿದ ಬಾಗಿಲಿನ ಚಿತ್ರ ಬಂತು.

ಭಾನುವಾರ ಕಮಲ ಬೂಬನಿಗೆ ಉಡುಪಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಕಾರ್ಕಳದ ಬಸ್ಸು ಹತ್ತಿದಳು. ಯಾಕೆ ಹೋಗುತ್ತಿದ್ದಾಳೆ ಎಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೇಬಿಯ ಮನೆ ಊಟದ ಮನೆಯ ಹಿಂದೆಯೇ. ಅರುವತ್ತರ ಹತ್ತಿರದ, ತೆಳ್ಳಗಿನ ಹೆಂಗಸು. ಕೈಗೆ ಡ್ರಿಪ್ಸ್ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು. ಉಪ್ಪಿನಕಾಯಿ ಕಾರ್ಖಾನೆಯಿಂದ ಬಂದವಳು ಎಂದು ಕಮಲ ಹೇಳಿದ ಕೂಡಲೇ ಬೇಬಿ ಗಾಬರಿಯಾಗಿ ಎದ್ದು ನಿಂತಳು.

"ನಿಮ್ಮ ಹೆಸರಿಗೂ ಕೆಟ್ಟದಾಯ್ತಲ್ಲ ನನ್ನಿಂದ" ಎಂದಳು. "ಕೂತುಕೊಳ್ಳಿ, ಕೂತುಕೊಳ್ಳಿ. ನನ್ನದೇ ತಪ್ಪು ಅಕ್ಕ. ಆವತ್ತು ಗಡಿಬಿಡಿಯಲ್ಲಿ ಡಬ್ಬಕ್ಕೆ ಒದ್ದೆ ಚಮಚ ಹಾಕಿದ್ದೇನೆ ಅಂತ ಕಾಣ್ತದೆ. ಸರಿಯಾಗಿ ನೆನಪಿಲ್ಲ. ಆದರೆ ಬೇರೆ ಎಂತ ಆಗ್ಲಿಕ್ಕುಂಟು? ಇಪ್ಪತ್ತೆರಡು ವರ್ಷದಿಂದ ಜನರಿಗೆ ಬಡಿಸಿದ್ದೇನೆ, ಒಬ್ಬರ ಹೊಟ್ಟೆಯೂ ಕೆಟ್ಟದ್ದಿಲ್ಲ. ಈಗ ಅವರ ಮುಖ ಹೇಗೆ ನೋಡುವುದು?"

ಬೇಬಿ ಚಾ ಮಾಡಿ ತಂದಳು. ಕಮಲ ಕುಡಿದಳು. "ಆರೋಗ್ಯ ನೋಡಿಕೊಳ್ಳಿ" ಎಂದು ಹೇಳಿ ಹೊರಟಳು.

ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಯಾರು ಕೂತರು, ಯಾರು ಇಳಿದರು ಎಂದು ಅವಳಿಗೆ ಗೊತ್ತಾಗಲಿಲ್ಲ. ಮನೆಗೆ ಬಂದು ನೀರು ಸಹ ಕುಡಿಯಲಾಗಲಿಲ್ಲ. ಎಂತ ಆಯ್ತು ಎಂದು ಬೂಬ ಎರಡು ಸಲ ಕೇಳಿದ. ಮೂರನೆಯ ಸಲ ಕೇಳಿದಾಗ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವನು ಎದ್ದು ಜಗಲಿಗೆ ಹೋದ. ಮಳೆಗಾಲವಾದ್ದರಿಂದ ಬೋಟಿಗೆ ರಜೆ, ಹೋಗಲು ಬೇರೆ ಜಾಗವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಲ್ಲಿ ನಿಂತು, "ನಾಳೆ ಹೇಳ್ತೀಯಾ?" ಎಂದಷ್ಟೇ ಕೇಳಿದ.

"ಹೇಳ್ತೇನೆ."

ಸೋಮವಾರ ಬೆಳಿಗ್ಗೆ ಕಮಲ ಗೋಡೆಯ ರಟ್ಟನ್ನು ಕಿತ್ತು ಆಫೀಸಿಗೆ ತಂದು ಕ್ಲಾಯ್ಡ್‌ನ ಮೇಜಿನ ಮೇಲಿಟ್ಟಳು. ಒಂದರ ಮೇಲೊಂದು ಅಂಟಿಸಿದ ಚೀಟಿಗಳಿಂದ ಅದು ಬೆರಳಿನಷ್ಟು ದಪ್ಪವಾಗಿತ್ತು. ಡುಲ್ಸಿನ್ ಬಾಯಿಯೂ ಅಲ್ಲೇ ಕೂತಿದ್ದರು.

"ಇದೆಂತ ಕಮಲಕ್ಕ?"

"ನಾನು ಸ್ಕ್ಯಾನ್ ಮಾಡುತ್ತಿದ್ದದ್ದು ಇದನ್ನು, ಬಾಬಾ. ಚೀಲವನ್ನಲ್ಲ."

ಎಲ್ಲರ ಮುಂದೆ ಅವಳು ಅವನನ್ನು ಸರ್ ಎನ್ನುತ್ತಿದ್ದಳು. ಆವತ್ತು ಚಿಕ್ಕಂದಿನ ಹೆಸರು ತಾನಾಗಿ ಬಂತು. ಕ್ಲಾಯ್ಡ್ ರಟ್ಟನ್ನು ತಿರುಗಿಸಿ ನೋಡಿದ. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನ ಮುಖದ ಬಣ್ಣ ಇಳಿಯಿತು.

"ಹಾಗಾದರೆ ಏಪ್ರಿಲ್ ಅಂತ ಹೋದದ್ದು?"

"ಮೇ ಲೋಡು. ಐದು ಚೀಲದ್ದು."

"ಗುಂಡಿಗೆ ಹಾಕುವಾಗ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಸಹಿ ಹಾಕುವಾಗ?"

ಕಮಲ ಹೌದೆಂದು ತಲೆಯಾಡಿಸಿದಳು. ಬಾಯಿ ಇಷ್ಟು ಹೊತ್ತು ಅವಳನ್ನೇ ನೋಡುತ್ತಿದ್ದವರು ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿದರು. ಇಪ್ಪತ್ತೆಂಟು ವರ್ಷದಲ್ಲಿ ಬಾಯಿ ತನ್ನಿಂದ ಮುಖ ತಿರುಗಿಸಿದ್ದು ಅದೇ ಮೊದಲು ಎಂದು ಕಮಲ ಹೇಳುತ್ತಾಳೆ.

ಕ್ಲಾಯ್ಡ್ ಕೂಡಲೇ ಏಪ್ರಿಲ್ ಹೆಸರಿನ ಮಾಲನ್ನೆಲ್ಲ ವಾಪಸು ತರಿಸಿದ. ಇನ್ನೂ ಏಳು ಕಡೆ ಡಬ್ಬಗಳಿದ್ದವು. ನಿಟ್ಟೆಯ ಒಂದು ಹಾಸ್ಟೆಲಿನದ್ದು ಆ ದಿನ ಮಧ್ಯಾಹ್ನವೇ ತೆರೆಯುವುದರಲ್ಲಿತ್ತು. ಅವನೇ ಇಲಾಖೆಗೆ ಹೋಗಿ ಮೊದಲ ವರದಿ ತಪ್ಪು ಎಂದು ಬರೆದುಕೊಟ್ಟ. ಕಾರ್ಖಾನೆ ಒಂದೂವರೆ ತಿಂಗಳು ಮುಚ್ಚಿತು. ಹೊರದೇಶದ ಮಾತು ಅಲ್ಲಿಗೇ ನಿಂತಿತು.

ಪ್ರಣೀತಾ ಮಣಿಪಾಲದಿಂದ ಬಂದಳು. ರಟ್ಟನ್ನು ನೋಡಿದಳು. ಕಮಲ ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ, "ಕೆಂಪು ಬಂದರೆ ಕಷ್ಟ ಅಂತ ನನ್ನ ಹತ್ತಿರ ಯಾಕೆ ಹೇಳಲಿಲ್ಲ ಕಮಲಕ್ಕ?" ಎಂದಳು. "ಸ್ಟೋರಿನಲ್ಲಿ ಜಾಗ ಇಲ್ಲ, ಚೀಟಿ ನಿಲ್ಲುವುದಿಲ್ಲ ಅಂತ ಒಂದು ಮಾತು. ಅದನ್ನು ಕೇಳ್ಲಿಕ್ಕೇ ಅಲ್ವಾ ನಾನು ಬರುತ್ತಿದ್ದದ್ದು? ಆವತ್ತಿನ ಸಭೆಯ ನಿಮ್ಮ ವಿಡಿಯೋವನ್ನು ನಲುವತ್ತು ಕಡೆ ತೋರಿಸಿದ್ದೇನೆ." ಅವಳ ಕಣ್ಣು ತುಂಬಿತ್ತು, ಸಿಟ್ಟಿನಿಂದಲೋ ಬೇಸರದಿಂದಲೋ ಗೊತ್ತಾಗಲಿಲ್ಲ. ಆಮೇಲೆ ಆ ವಿಡಿಯೋವನ್ನು ಎಲ್ಲ ಕಡೆಯಿಂದ ತೆಗೆದುಹಾಕಿಸಿದಳು. ಶಾಲಿನ ಫೋಟೋವನ್ನು ಬೂಬ ತಾನಾಗಿಯೇ ಇಳಿಸಿ ಅಟ್ಟಕ್ಕೆ ಹಾಕಿದ.

ಬೇಬಿಗೆ ತಾನೇ ಹೇಳುತ್ತೇನೆ, ಬೇರೆ ಯಾರೂ ಹೋಗುವುದು ಬೇಡ ಎಂದು ಕಮಲ ಕೇಳಿಕೊಂಡಿದ್ದಳು. ಹೋದಳು. ನಿಂತುಕೊಂಡೇ ಹೇಳಿದಳು. ಬೇಬಿ ಅಕ್ಕಿ ಆರಿಸುತ್ತಿದ್ದವಳು ಗೆರಸೆಯನ್ನು ಪಕ್ಕಕ್ಕಿಟ್ಟು ಪೂರ್ತಿ ಕೇಳಿದಳು.

"ನೀವು ಆವತ್ತು ಬಂದಾಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಚಮಚದ ಮಾತು ಹೇಳುವಾಗ ಸುಮ್ಮನೆ ಕೂತು ಕೇಳಿದಿರಿ. ನನ್ನ ಕೈಯ ಚಾ ಕುಡಿದು ಹೋದಿರಿ." ಬೇಬಿಯ ಸ್ವರ ಏರಲಿಲ್ಲ. "ಹದಿನಾಲ್ಕು ಮಂದಿಯ ಮನೆಗೂ ನಾನು ಹೋಗಿ ಬಂದೆ. ನನ್ನದೇ ತಪ್ಪು ಅಂತ ಕೈ ಮುಗಿದು ಬಂದೆ."

ಕಮಲಳಿಗೆ ಇದು ಗೊತ್ತಿರಲಿಲ್ಲ.

"ನೀವೀಗ ಹೋಗಿ" ಎಂದಳು ಬೇಬಿ.

ಮರುದಿನದಿಂದ ಕಮಲ ಆ ಹದಿನಾಲ್ಕು ಮನೆಗಳನ್ನು ಹುಡುಕಿಕೊಂಡು ಹೋದಳು. ಅದು ಯಾರೂ ಹೇಳಿದ ಕೆಲಸವಲ್ಲ. ಕಾರ್ಖಾನೆ ಮುಚ್ಚಿದ್ದರಿಂದ ದಿನಕ್ಕೆ ಒಂದೆರಡು ಮನೆ. ಬೇಬಿಯಕ್ಕನದು ಏನೂ ತಪ್ಪಿಲ್ಲ, ತಪ್ಪು ನನ್ನದು, ಇದೇ ನನ್ನ ಹೆಸರು, ಇಂಥ ಕಡೆ ಕೆಲಸ. ಕೆಲವರು ಕೂರಿಸಿ ಕೇಳಿದರು. ಒಬ್ಬ ಆಟೋದವನು ಬಾಯಿಗೆ ಬಂದಂತೆ ಬೈದ. ಕಾಲೇಜಿನ ಒಬ್ಬ ಹುಡುಗಿ, "ಪರವಾಗಿಲ್ಲ ಆಂಟಿ" ಎಂದು ಬಾಗಿಲು ಹಾಕಿಕೊಂಡಳು. ಆ ಪರವಾಗಿಲ್ಲ ಎಂಬುದನ್ನೇ ತಡೆದುಕೊಳ್ಳಲಾಗಲಿಲ್ಲ ಎನ್ನುತ್ತಾಳೆ ಕಮಲ.

ಕಾರ್ಖಾನೆ ಮತ್ತೆ ತೆರೆದಾಗ ಅವಳು ಬೀಗದ ಕೈಗಳನ್ನು ಬಾಯಿಯ ಮುಂದಿಟ್ಟು, ತನ್ನನ್ನು ಬಾಟಲಿ ತೊಳೆಯುವಲ್ಲಿಗೆ ಹಾಕಿ ಎಂದು ಕೇಳಿದಳು. ಬಾಯಿ ಒಪ್ಪಲಿಲ್ಲ. "ಇನ್ನು ಅಂಥ ಮೋಸ ಮಾಡ್ಲಿಕ್ಕೆ ನಿನ್ನಿಂದ ಆಗುವುದಿಲ್ಲ. ಹೊಸಬರಿಂದ ಆಗಬಹುದು" ಎಂದರು. ಹೊಗಳಿಕೆಯ ಮಾತಲ್ಲ ಅದು. ಬಾಯಿ ಅವಳೊಟ್ಟಿಗೆ ಮೊದಲಿನ ಹಾಗೆ ಮಧ್ಯಾಹ್ನ ಕೂತು ಉಣ್ಣುವುದು ಇವತ್ತಿಗೂ ಇಲ್ಲ. ಕ್ಲಾಯ್ಡ್ ಸ್ಟೋರಿನ ಒಂದು ಗೋಡೆ ಒಡೆಸಿ ಎರಡು ಬಾಗಿಲು ಮಾಡಿಸಿದ. ಒಂದರಲ್ಲಿ ಚೀಲ ಒಳಗೆ, ಇನ್ನೊಂದರಲ್ಲಿ ಹೊರಗೆ. ಚೀಟಿಯನ್ನು ಈಗ ದಾರದಲ್ಲಿ ಕಟ್ಟುತ್ತಾರೆ. ಕಮಲ ಪ್ರತಿ ಚೀಲದ ಬಾಯಿಯನ್ನೂ ಬಿಚ್ಚಿ ಮೂಸುತ್ತಾಳೆ, ಆಮೇಲೆ ಸ್ಕ್ಯಾನರ್ ಹಿಡಿಯುತ್ತಾಳೆ. ವಾರಕ್ಕೆ ಎರಡು ಮೂರು ಸಲ ಕೆಂಪು ಬರುತ್ತದೆ. ಬಂದರೆ ಅವಳೇ ಆಫೀಸಿಗೆ ಹೋಗಿ ಹೇಳುತ್ತಾಳೆ. ಹೇಳುವಾಗ ಕಿವಿಯವರೆಗೂ ಬಿಸಿಯಾಗುವುದು ಮಾತ್ರ ನಿಂತಿಲ್ಲ.

ಬೇಬಿ ಅಕ್ಟೋಬರಿನಲ್ಲಿ ಊಟದ ಮನೆ ಮತ್ತೆ ತೆರೆದಳು. ಹಳಬರಲ್ಲಿ ಅರ್ಧದಷ್ಟು ಜನ ಬರುತ್ತಿದ್ದಾರಂತೆ. ಸುದ್ದಿ ಕೇಳಿ ಕಮಲ ಎರಡು ಭಾನುವಾರ ಕಾರ್ಕಳದವರೆಗೆ ಹೋಗಿ, ಎದುರಿನ ಅಂಗಡಿಯ ಮಾಡಿನ ಕೆಳಗೆ ನಿಂತು ಹಿಂದೆ ಬಂದಳು. ಮೂರನೆಯ ಸಲ ಒಳಗೆ ಹೋಗಿ ಮೂಲೆಯ ಬೆಂಚಿನಲ್ಲಿ ಕೂತಳು. ಬೇಬಿ ನೋಡಿದಳು, ಗುರುತು ಹಿಡಿದಳು. ಎಲೆ ಹಾಕಿ, ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ ಪಲ್ಯ ಬಡಿಸಿದಳು. ಉಳಿದವರಿಗೆ ಬಡಿಸಿ ಇನ್ನೊಂದು ಸುತ್ತು ಬಂದಾಗ ಅವಳ ಮುಂದೆ ನಿಂತಳು.

"ಅನ್ನ ಬೇಕಾ?"

"ಸ್ವಲ್ಪ ಹಾಕಿ" ಎಂದಳು ಕಮಲ.